'ಉ'ವಿನಿಂದ ಶುರುವಾಗುವ 'ಫು' ಹಾಡು

ಜಪಾನಿನ ಕಾವಾಸಾಕಿಯಲ್ಲಿ ಕೆಲಸಕ್ಕಿದ್ದಾಗಿನ ಮಾತು. ಡಿಸೆಂಬರ್ ಬಂದರೆ ಅಲ್ಲಿ ಪ್ರತಿ ಆಫೀಸಿನಲ್ಲೂ ಬೋನೆನ್‌ಕಾಯ್, ಅಂದರೆ 'ವರ್ಷ ಮರೆಯುವ ಕೂಟ'. ಊಟ ಮುಗಿದ ಮೇಲೆ ಎರಡನೇ ಸುತ್ತು ಅಂತ ಹತ್ತು ಜನ ಒಂದು ಪುಟ್ಟ ಕರಾವೊಕೆ ಕೋಣೆಗೆ ನುಗ್ಗಿದೆವು. ಎಲ್ಲರೂ ತಂತಮ್ಮ ಮಾಮೂಲಿ ಹಾಡು ಹಾಡಿ ಬೇಜಾರಾದಾಗ ಯಾರೋ ಒಂದು ಆಟ ತೆಗೆದರು. ಒಂದು ಅಕ್ಷರ ಆರಿಸೋದು, ಆ ಅಕ್ಷರದಿಂದ ಶುರುವಾಗುವ ಹಾಡು ಮಾತ್ರ ಹಾಡೋದು. ಚೀಟಿಯಲ್ಲಿ ಬಂದದ್ದು 'ಉ'.

ನನಗೋ ಖುಷಿ. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿ ಬೆಳೆದ ಪ್ರಾಣಿ ನಾನು, ನನ್ನ ಹತ್ತಿರವೇ ಬರ್ತಾರಾ ಅಂದುಕೊಂಡೆ. ಆದರೆ ನನಗೆ ಪೂರ್ತಿ ಬರುತ್ತಿದ್ದ ಜಪಾನಿ ಹಾಡು ಒಂದೇ, ಭಾಷೆಯ ಕ್ಲಾಸಿನಲ್ಲಿ ಕಲಿಸಿದ 'ಫುರುಸಾತೊ'. ಹುಟ್ಟೂರು ಅಂತ ಅರ್ಥ. 1914ರ ಶಾಲಾ ಹಾಡು, ಅಲ್ಲಿ ಅದು ಬರದವರಿಲ್ಲ. ಅದರ ಮೊದಲ ಪದ 'ಉಸಾಗಿ', ಮೊಲ. 'ಉಸಾಗಿ ಒಯಿಶಿ' ಅಂದರೆ ಮೊಲವನ್ನು ಅಟ್ಟಿಸಿಕೊಂಡು ಹೋದ (ಆ ಬೆಟ್ಟ). 'ಒಯಿಶೀ' ಅಂತ ಸ್ವಲ್ಪ ಎಳೆದರೆ 'ರುಚಿಯಾಗಿದೆ' ಅಂತಾಗುತ್ತೆ. ಹಾಗಾಗಿ ಮೊಲದ ಸಾರನ್ನು ಹೊಗಳುವ ಹಾಡು ಇದು ಅಂತಲೇ ಎಷ್ಟೋ ಜಪಾನಿ ಮಕ್ಕಳು ನಂಬಿಕೊಂಡಿರುತ್ತಾರೆ. ಮೈಕ್ ಹಿಡಿದು ಹಾಡಿದೆ. ಎಲ್ಲರೂ ದನಿಗೂಡಿಸಿದರು. ಮುಗಿದ ಮೇಲೆ ನಮ್ಮ ಸೆಕ್ಷನ್ನಿನ ಹಿರಿಯರು ಕೈ ಅಡ್ಡ ಮಾಡಿ "ಔಟ್!" ಅಂದರು.

ಯಾಕೆ ಸಾರ್? ಹಾಡಿನ ಹೆಸರು 'ಫುರುಸಾತೊ', ಅದು 'ಫು'ಗೆ ಸೇರಿದ್ದು.

ಅವತ್ತು ನನ್ನ ತಲೆಗೆ ಹೊಕ್ಕ ಹುಳ ಇನ್ನೂ ಹೊರಗೆ ಬಂದಿಲ್ಲ. ಹಾಡು ಶುರುವಾಗೋದು ಹೆಸರಿನಿಂದಲೋ, ಬಾಯಿಂದಲೋ?

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟಲ್ಲ. ನಮ್ಮಮ್ಮನಿಗೆ ಇನ್ನೂರು ದೇವರನಾಮ ಬಾಯಿಗೆ ಬರುತ್ತೆ, ಒಂದರ 'ಹೆಸರೂ' ಗೊತ್ತಿಲ್ಲ, ಯಾಕಂದರೆ ಹೆಸರೇ ಇಲ್ಲ. ಪಲ್ಲವಿಯ ಮೊದಲ ಸಾಲೇ ಹೆಸರು. ಸಿನಿಮಾ ಹಾಡೂ ಹಾಗೇ. ಭಾವಗೀತೆಗೆ ಕವಿ ಶೀರ್ಷಿಕೆ ಇಟ್ಟಿದ್ದರೂ ಜನ ಅದನ್ನು ಪಕ್ಕಕ್ಕೆ ಸರಿಸಿ ಮೊದಲ ಸಾಲಿನಿಂದಲೇ ಕರೆಯುತ್ತಾರೆ. ಜಪಾನಿನಲ್ಲಿ ಹಾಡಿಗೊಂದು ಹೆಸರು, ಒಳಗಡೆ ಬೇರೆಯೇ ಸಾಲು. ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡು 'ಅಕಾತೊಂಬೊ' ಹೆಸರಿನಲ್ಲಿ 'ಅ', ಹಾಡಲು ಬಾಯಿ ತೆರೆದರೆ 'ಯು', ಸಂಜೆಗೆಂಪಿನ 'ಯೂಯಾಕೆ'.

ಹೆಸರನ್ನು ನಂಬಬಾರದು ಅನ್ನೋದಕ್ಕೆ ನನ್ನ ಹತ್ತಿರ ಇರೋ ದೊಡ್ಡ ಸಾಕ್ಷಿ ಸಾಕಾಮೊತೊ ಕ್ಯೂ ಹಾಡಿದ 'ಉಎ ಒ ಮುಯಿತೆ ಅರುಕೋ'. ತಲೆ ಎತ್ತಿ ನಡೆಯೋಣ, ಕಣ್ಣೀರು ಕೆಳಗೆ ಬೀಳದ ಹಾಗೆ ಅನ್ನೋ ಹಾಡು. ಇದರ ಹೆಸರೂ ಮೊದಲ ಸಾಲೂ ಒಂದೇ, ಅಪ್ಪಟ 'ಉ'. 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಯಾವ ಹೆಸರಿನಲ್ಲಿ? 'ಸುಕಿಯಾಕಿ'! ಮಾಂಸದ ಒಂದು ಅಡುಗೆ ಅದು, ಹಾಡಿನೊಳಗೆ ಅದರ ವಾಸನೆಯೂ ಇಲ್ಲ. ಹೆಸರನ್ನೇ ಹಿಡಿದು ಕೂತರೆ ಅಮೆರಿಕದವರು ಇದನ್ನು 'ಸು'ನಲ್ಲಿ ಹುಡುಕಬೇಕು.

ಪಾಪ, ಕರಾವೊಕೆಯವರಿಗೂ ಈ ಕಷ್ಟ ಗೊತ್ತಿತ್ತು. ಟ್ಯಾಬ್ಲೆಟ್ ಬರುವ ಮುಂಚೆ ಪ್ರತಿ ಕೋಣೆಯಲ್ಲೂ ಟೆಲಿಫೋನ್ ಡೈರೆಕ್ಟರಿಯಂಥ ದಪ್ಪ ಪುಸ್ತಕ ಇರುತ್ತಿತ್ತು. ಹಾಡಿನ ಹೆಸರು, ನಂಬರು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಉತಾಯಿದಾಶಿ', ಅಂದರೆ ಹಾಡಿನ ಎತ್ತುಗಡೆಯ ಸಾಲು. ಪುಸ್ತಕದ ಅನುಕ್ರಮ ನೋಡಿದರೆ ನಮ್ಮವರಿಗೆ ಪರಿಚಯದ ಮುಖ ಕಂಡ ಹಾಗಾಗುತ್ತೆ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. 'ಸ' ಇರುವಲ್ಲಿ 'ಚ', 'ಹ' ಇರುವಲ್ಲಿ 'ಪ' ಇಟ್ಟು ಓದಿ ನೋಡಿ, ಒಂದನೇ ಕ್ಲಾಸಿನ ಗೋಡೆ ಮೇಲಿನ ವರ್ಣಮಾಲೆ. ಕಾಕತಾಳೀಯ ಅಲ್ಲ ಇದು. ಸಂಸ್ಕೃತವನ್ನು ಸಿದ್ಧಂ ಅನ್ನುವ ಹಳೆಯ ಭಾರತೀಯ ಲಿಪಿಯಲ್ಲಿ ಕಲಿತ ಬೌದ್ಧ ಭಿಕ್ಷುಗಳಿಂದ ಅಲ್ಲಿಗೆ ಹೋದ ಕ್ರಮ.

ಈ ವಾದದಲ್ಲಿ ನನ್ನ ಪರ ನಿಲ್ಲೋದು ಕರಾವೊಕೆ ಅಲ್ಲ, ಇಸ್ಪೀಟಿನಂಥ ಎಲೆಗಳ ಒಂದು ಹಳೆಯ ಆಟ, ಕರುತಾ. ಹದಿಮೂರನೇ ಶತಮಾನದಲ್ಲಿ ಫುಜಿವಾರಾ ನೊ ತೇಯಿಕಾ ಅನ್ನುವ ಕವಿ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿದ, 'ಹ್ಯಾಕುನಿನ್ ಇಶ್ಶು'. ಜಪಾನಿಯಲ್ಲಿ ಇಂಥ ಪದ್ಯಕ್ಕೂ 'ಉತಾ' ಅಂತಾರೆ, ಹಾಡಿಗೂ 'ಉತಾ' ಅಂತಾರೆ. ಈ ನೂರು ಉತಾಗಳಿಗೆ ಶೀರ್ಷಿಕೆ ಇಲ್ಲ! ನಮ್ಮ ಕೀರ್ತನೆಗಳ ಹಾಗೆ ಎತ್ತುಗಡೆಯೇ ಗುರುತು. ಕರುತಾ ಆಟದಲ್ಲಿ ಒಬ್ಬರು ಪದ್ಯದ ಮೊದಲ ಭಾಗದಿಂದ ರಾಗವಾಗಿ ಓದುತ್ತಾ ಹೋಗುತ್ತಾರೆ, ಆಟಗಾರರು ಅದರ ಕೊನೆಯ ಭಾಗ ಬರೆದಿರುವ ಎಲೆಯನ್ನು ಚಾಪೆಯ ಮೇಲಿಂದ ಫಟ್ಟಂತ ಹೊಡೆದು ಹಾರಿಸಬೇಕು. ಇಲ್ಲಿ ಎಲ್ಲ ನಿಂತಿರೋದು ಮೊದಲಕ್ಷರದ ಮೇಲೆ. ಮು, ಸು, ಮೆ, ಫು, ಸ, ಹೊ, ಸೆ: ಈ ಏಳರಲ್ಲಿ ಒಂದೊಂದೇ ಪದ್ಯ. 'ಮು' ಅಂತ ಕಿವಿಗೆ ಬಿದ್ದರೆ ಸಾಕು, ಅದು 'ಮುರಾಸಾಮೆ', ಹೊಯ್ದು ನಿಂತ ಮಳೆ. ಕೈ ಹಾರಬೇಕಾದ್ದು ಶರತ್ಕಾಲದ ಸಂಜೆ ಮಂಜು ಏಳುವ ಎಲೆಗೆ. ಆದರೆ 'ಅ'ದಲ್ಲಿ ಹದಿನಾರು ಪದ್ಯಗಳಿವೆ! ಅದರಲ್ಲೂ ಎರಡಂತೂ 'ಅಸಾಬೊರಾಕೆ' (ಮುಂಜಾವು) ಅಂತಲೇ ಏಳುತ್ತವೆ, ಆರನೇ ಅಕ್ಷರ ಬರುವ ತನಕ ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಕೈ ಗಾಳಿಯಲ್ಲೇ ನಿಂತಿರುತ್ತೆ. ಎರಡರಲ್ಲಿ ಒಂದು ಓದಿಯಾಗಿದ್ದರೆ ಆಗ ಇನ್ನೊಂದಕ್ಕೆ ಅಷ್ಟು ಕಾಯಬೇಕಾಗಿಲ್ಲ. ಅಂದರೆ ಪದ್ಯ ಬರೋದಷ್ಟೇ ಅಲ್ಲ, ಏನೇನು ಓದಿ ಮುಗಿಯಿತು ಅನ್ನೋದೂ ತಲೆಯಲ್ಲಿರಬೇಕು.

ಇನ್ನೊಂದು ಮಜಾ. ನೂರರಲ್ಲಿ ಐವತ್ತೇ ಎಲೆ ಚಾಪೆಗೆ ಬರೋದು. ಉಳಿದ ಐವತ್ತನ್ನೂ ಓದುತ್ತಾರೆ, ಆದರೆ ನೆಲದ ಮೇಲೆ ಅವು ಇರಲ್ಲ. ಅವಕ್ಕೆ 'ಕರಾಫುದಾ', ಖಾಲಿ ಎಲೆ ಅಂತ ಹೆಸರು. ಕರಾವೊಕೆಯ 'ಕರಾ'ನೂ ಅದೇ ಖಾಲಿ; ಹಾಡುಗಾರ ಇಲ್ಲದ ಆರ್ಕೆಸ್ಟ್ರಾ.

ನೂರು ಪದ್ಯದಲ್ಲಿ ಒಂದೂ 'ರ' ಬಳ್ಳಿಯಿಂದ ಏಳಲ್ಲ. ಅಚ್ಚ ಜಪಾನಿ ಪದ ರಕಾರದಿಂದ ಶುರುವಾಗಲ್ಲ, ಇರುವವೆಲ್ಲ ಚೀನಾದಿಂದಲೋ ಪಶ್ಚಿಮದಿಂದಲೋ ಬಂದವು. ಅದಕ್ಕೇ ಅವರ ಪದಬಂಡಿ ಆಟ 'ಶಿರಿತೊರಿ'ಯಲ್ಲಿ (ಬಾಲ ಹಿಡಿಯೋದು ಅಂತಿಟ್ಟುಕೊಳ್ಳಿ, ಶಿರಿ ಅಂದರೆ ನಿಜಕ್ಕೂ ಅಂಡು) ಎದುರಾಳಿಗೆ ಮತ್ತೆ ಮತ್ತೆ 'ರು' ಕೊಟ್ಟು ಗೋಳಾಡಿಸುವ ಕಿಲಾಡಿಗಳಿದ್ದಾರೆ. ನಮ್ಮಲ್ಲೂ ರಾತ್ರಿ, ರಸ, ಲೋಕ, ಲಾಭ ಎಲ್ಲ ಸಂಸ್ಕೃತದ ಸಾಲವೇ ತಾನೆ. ಅಂತ್ಯಾಕ್ಷರಿಯಲ್ಲಿ 'ಳ' ಬಂದರೆ ನಾವು 'ಲ' ಅಂತ ಸುಧಾರಿಸಿಕೊಳ್ತೀವಿ, 'ಣ'ಗೆ 'ನ' ಹಿಡೀತೀವಿ. ಅವರಲ್ಲಿ ಪದ 'ನ್' ಅಂತ ಮುಗಿದರೆ ಮುಲಾಜೇ ಇಲ್ಲ, ಸೋತ ಹಾಗೇ. ಇದೊಂದು ವಿಷಯದಲ್ಲಿ ನಮ್ಮ ಉದಾರತೆ ಸ್ವಲ್ಪ ಜಾಸ್ತಿಯಾಯ್ತು ಅಂತ ನನಗನ್ನಿಸುತ್ತೆ. 'ಳ'ಕ್ಕೆ ಸಿಕ್ಕಿಬಿದ್ದವರು ಒದ್ದಾಡಲಿ ಬಿಡಿ.

ಇದನ್ನೆಲ್ಲ ಓದಿ ತಿಳಿದದ್ದು ಆ ರಾತ್ರಿ ಆದ ಮೇಲೆ. ಮುಂದಿನ ಡಿಸೆಂಬರಿನಲ್ಲಿ ಅದೇ ಕೋಣೆ, ಅದೇ ಹಿರಿಯರು. ಈ ಸಲ ಚೀಟಿಯಲ್ಲಿ 'ಅ' ಬಂತು. ನಾನು ಗಂಟಲು ಸರಿ ಮಾಡಿಕೊಂಡು, ಹ್ಯಾಕುನಿನ್ ಇಶ್ಶು ಪದ್ಯಕ್ಕೆ ಹೆಸರೇನು ಸಾರ್ ಅಂತ ಕೇಳಿದೆ. ಅವರು ಬಿಯರ್ ಲೋಟ ಕೆಳಗಿಟ್ಟು ಯೋಚಿಸಿದರು, ಯೋಚಿಸುತ್ತಲೇ ಇದ್ದರು. ಕೊನೆಗೆ ಮೈಕ್ ನನ್ನ ಕಡೆ ತಳ್ಳಿ, "ಸರಿ, ಮೊಲದ ಹಾಡೇ ಹಾಡಿ" ಅಂದರು. ಹಾಡಿದೆ. ಅದು 'ಅ'ಗೂ ಸೇರಲ್ಲ ಅನ್ನೋದನ್ನು ಯಾರೂ ಎತ್ತಲಿಲ್ಲ.