ಬೀನ್ ಕಾರಿನ ಬೀಗ

ಉಗ್ರಾಣಕ್ಕೆ ಬೀಗ, ಟ್ರಂಕಿಗೆ ಬೀಗ, ಸೈಕಲ್ಲಿಗೂ ಬೀಗ ಸರಿ. ಕಾರಿಗೆ? ಬ್ರಿಟಿಷ್ ನಟ ರೋವನ್ ಅಟ್ಕಿನ್ಸನ್ ಅವರ ಟಿವಿ ಹಾಸ್ಯಪಾತ್ರ ಮಿಸ್ಟರ್ ಬೀನ್ ತನ್ನ ತಿಳಿಹಸಿರು ಮಿನಿ ಕಾರಿನ ಬಾಗಿಲಿಗೆ ಹೊರಗಡೆಯಿಂದ, ನಮ್ಮ ಹಿತ್ತಿಲ ಬಾಗಿಲಿಗೆ ಇರುವಂಥದೇ ಚಿಲಕ ಬಡಿಸಿಕೊಂಡಿದ್ದ. ಇಳಿದು, ಬಾಗಿಲು ಮುಚ್ಚಿ, ಚಿಲಕ ಸರಿಸಿ, ಬೀಗ ಹಾಕುತ್ತಿದ್ದ. ಕೆಲವೊಮ್ಮೆ ಸ್ಟಿಯರಿಂಗ್ ಚಕ್ರವನ್ನೂ ಕಳಚಿಕೊಂಡು ಹೋಗುತ್ತಿದ್ದ. ಬೀಗ ಹಾಕಿ ಎರಡು ಸಲ ಜಗ್ಗಿ, ಬೀದಿಯ ತಿರುವಿನಿಂದ ವಾಪಸ್ ಬಂದು ಇನ್ನೊಮ್ಮೆ ಜಗ್ಗುವ ನಮ್ಮವರಿಗೆ ಇದರಲ್ಲಿ ನಗುವಂಥದೇನೂ ಕಾಣಬಾರದು. ಆದರೂ ನಗು ಬರುತ್ತದೆ.

ಈ ನಗುವನ್ನು ಜೋಡಿಸಿದ ಅಟ್ಕಿನ್ಸನ್ ಎಂಜಿನಿಯರ್. 1955ರಲ್ಲಿ ಇಂಗ್ಲೆಂಡಿನ ಕಾನ್ಸೆಟ್‌ನಲ್ಲಿ ಹುಟ್ಟಿ, ನ್ಯೂಕಾಸಲ್‌ನಲ್ಲಿ ಎಲೆಕ್ಟ್ರಿಕಲ್ ಓದಿ, ಆಕ್ಸ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಉಗ್ಗು ಕಾಡುತ್ತಿತ್ತು, ಅದರಲ್ಲೂ 'ಬ' ಅಕ್ಷರ. ಪಾತ್ರದೊಳಗೆ ಹೊಕ್ಕರೆ ಅದು ಸಡಿಲವಾಗುತ್ತಿತ್ತು. 1983ರಿಂದ 89ರವರೆಗಿನ 'ಬ್ಲ್ಯಾಕ್ಯಾಡರ್' ಟಿವಿ ಹಾಸ್ಯ ಸರಣಿಯಲ್ಲಿ 'ಬಾಬ್' ಎಂಬ ಹೆಸರಿನ ಮೊದಲಕ್ಷರವನ್ನು ಪಟಾಕಿಯಂತೆ ಸಿಡಿಸಿದ್ದೇ ತಮಾಷೆಯಾಯಿತು. ಮಾತಿನ ಈ ಮಲ್ಲ ಬೀನ್‌ಗಾಗಿ ಮಾತನ್ನೇ ಬಿಟ್ಟರು. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹಾಸ್ಯೋತ್ಸವದಲ್ಲಿ ಬೇಕೆಂದೇ ಫ್ರೆಂಚ್ ಕಾರ್ಯಕ್ರಮಕ್ಕೆ ಹೆಸರು ಕೊಟ್ಟರು: ಮಾತು ತಿಳಿಯದವರೂ ನಕ್ಕರೆ ಯಂತ್ರ ಸರಿಯಿದೆ ಎಂದರ್ಥ.

1990ರ ಜನವರಿ 1ರಂದು ಬಂದ 'ಮಿಸ್ಟರ್ ಬೀನ್' ಸರಣಿಯ ಮೊದಲ ಕಂತಿನ ಕಡಲತೀರ ನೋಡಿ. ಎದುರಿಗೊಬ್ಬ ಕಪ್ಪು ಕನ್ನಡಕದವನು ಕೂತಿದ್ದಾನೆ. ಬೀನ್‌ಗೆ ನಾಚಿಕೆ, ಪ್ಯಾಂಟ್ ಬಿಚ್ಚುವಂತಿಲ್ಲ. ಆದ್ದರಿಂದ ಪ್ಯಾಂಟಿನ ಮೇಲೆಯೇ ಈಜುಚಡ್ಡಿ ಏರಿಸಿ, ಆಮೇಲೆ ಒಳಗಿನ ಪ್ಯಾಂಟನ್ನು ಹೊರಗೆ ಎಳೆಯುವ ಸಾಹಸ. ಅವಸರಪಟ್ಟರೆ ಈ ದೃಶ್ಯ ಸತ್ತಂತೆ. ಮುಜುಗರ ಪೂರ್ತಿ ಬೇಯಬೇಕು, ಕೈಕಾಲು ಸಿಕ್ಕಿಹಾಕಿಕೊಳ್ಳಬೇಕು, ನಮಗೂ 'ಅಯ್ಯೋ' ಅನಿಸಬೇಕು. ಕೊನೆಗೆ ಕನ್ನಡಕದವನು ಎದ್ದು ಬಿಳಿ ಕೋಲು ಹಿಡಿಯುತ್ತಾನೆ. ಕುರುಡ! ಆ ಕೋಲು ಒಂದು ಕ್ಷಣ ಮೊದಲೇ ಕಂಡಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು.

ಒಟ್ಟು 15 ಕಂತು, ಅಷ್ಟೇ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಅಷ್ಟು ಕಂತಿಗೆ ಅತ್ತೆ ಮೆಟ್ಟಿಲಿಳಿದು ಮುಗಿಸಿರುವುದಿಲ್ಲ.

ಬೀಗದ ಕತೆ ಬಾಕಿಯಿದೆ. ಒಂದು ಕಂತಿನಲ್ಲಿ, ತನ್ನದರಂಥದೇ ಇನ್ನೊಂದು ಮಿನಿ ಒಳ್ಳೆಯ ಜಾಗದಲ್ಲಿ ನಿಂತಿರುವುದು ಬೀನ್ ಕಣ್ಣಿಗೆ ಬೀಳುತ್ತದೆ. ಅದನ್ನು ಆಚೆ ಸರಿಸಿ ತನ್ನದನ್ನು ಅಲ್ಲಿ ನಿಲ್ಲಿಸುತ್ತಾನೆ. ಆ ಜಾಗದ ಕಾರು ಸೇನಾ ಪ್ರದರ್ಶನದಲ್ಲಿ ಟ್ಯಾಂಕಿನಡಿ ಹೋಗಬೇಕಾದದ್ದು! ಮಿನಿ ಹಪ್ಪಳವಾಗುತ್ತದೆ. ಬೀನ್ ತಗಡಿನ ರಾಶಿ ಕೆದಕುತ್ತಾನೆ. ಬೀಗ ಸಿಗುತ್ತದೆ, ಒಂದು ಗೀರೂ ಇಲ್ಲದೆ. ಮುಖ ಅರಳುತ್ತದೆ.