ಬೇಕೆಂದೇ ಮಾಡಿಸಿಕೊಂಡ ಆಪರೇಷನ್ನಿಗೂ ನೋವಿದೆ

"ಯಾರು ಮಾಡಿಸ್ಕೋ ಅಂದಿದ್ರು? ಈಗ ಅನುಭವಿಸು."

ಮೂಗು, ಕಣ್ಣಿನ ರೆಪ್ಪೆ, ಕೆನ್ನೆಯ ಕಾಸ್ಮೆಟಿಕ್ ಸರ್ಜರಿ ಆದವರಿಗೆ ಮನೆಯವರೇ ಹೀಗೆ ಹೇಳುವುದನ್ನು ವಾರ್ಡಿನಲ್ಲಿ ನರ್ಸ್ ಆಗಿರುವ ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಅಪೆಂಡಿಕ್ಸ್ ಆಪರೇಷನ್ ಆದರೆ ಎಳನೀರು ಹಿಡಿದು ಓಡಿಬರುವ ನೆಂಟರೇ ಇಲ್ಲಿ ಮುಖ ತಿರುಗಿಸುತ್ತಾರೆ. ಯಾಕೆ ಕೊಯ್ದರು ಅನ್ನೋದು ಚರ್ಮಕ್ಕೆ ಗೊತ್ತಾಗುತ್ತಾ?

ಈ ಮಾತಿಗೆ ಹೆದರಿ ಎಷ್ಟೋ ಜನ ನೋವು ನುಂಗಿಕೊಂಡು ಮಲಗಿರುತ್ತಾರೆ. ಮೊನ್ನೆ ಒಬ್ಬ ಹುಡುಗಿ, ಮೂಗಿನ ಮೇಲೆ ಅದು ಅಲುಗದಂತೆ ಹಿಡಿದಿಡುವ ಗಟ್ಟಿ ಪಟ್ಟಿ (ಸ್ಪ್ಲಿಂಟ್), ಕಣ್ಣ ಕೆಳಗೆಲ್ಲ ನೇರಳೆಗಟ್ಟಿದೆ, ಬಾಯಲ್ಲೇ ಉಸಿರಾಡಿ ತುಟಿ ಒಡೆದಿದೆ. ಅಮ್ಮ ಕಾಫಿಗೆ ಹೋಗುವುದನ್ನೇ ಕಾದಿದ್ದು, "ಸಿಸ್ಟರ್, ಈಗ ಮಾತ್ರೆ ಕೊಡ್ತೀರಾ?" ಅಂದಳು.

ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಅದಕ್ಕೇ ಮೊದಲ ಎರಡು ಮೂರು ದಿನ ಡಾಕ್ಟರ್ ಬರೆದುಕೊಟ್ಟ ಪ್ಯಾರಸಿಟಮಾಲ್ ಅನ್ನು ಹೊತ್ತು ಹೊತ್ತಿಗೆ ತಗೊಳ್ಳಬೇಕು, ತಡೆಯೋಕಾಗದೆ ಇದ್ದಾಗ ಮಾತ್ರ ಅಲ್ಲ. ಜೊತೆಗೆ ಮನೆಯ ಡಬ್ಬಿಯಲ್ಲಿರುವ ಮೈಕೈನೋವಿನ ಮಾತ್ರೆ, ನೆಗಡಿ ಮಾತ್ರೆ ಸೇರಿಸಬೇಡಿ. ಅವುಗಳಲ್ಲೂ ಎಷ್ಟೋ ಸಲ ಪ್ಯಾರಸಿಟಮಾಲೇ ಇರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಕೊನೆಯ ಮಿತಿ, ಅದು ದಾಟಿದರೆ ಲಿವರ್‌ಗೆ ಪೆಟ್ಟು. ಆಸ್ಪಿರಿನ್ ಅಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ರಕ್ತ ಸೋರುವುದು ಹೆಚ್ಚಾಗುತ್ತದೆ.

ತಲೆ ಎತ್ತರದಲ್ಲಿರಲಿ, ಎರಡು ದಿಂಬು ಸಾಕು. ಊತಕ್ಕೂ ನೋವಿಗೂ ಇದರಿಂದ ಸಿಗುವ ಆರಾಮ ದೊಡ್ಡದು. ಐಸ್ ಇಡಿ ಅಂತ ಡಾಕ್ಟರ್ ಹೇಳಿದ್ದರೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಮಾತ್ರ ಇಡಿ. ಜೋಮು ಹಿಡಿದ ಚರ್ಮಕ್ಕೆ ಐಸ್ ಸುಟ್ಟರೂ ಗೊತ್ತಾಗುವುದಿಲ್ಲ.

ಎರಡನೇ, ಮೂರನೇ ದಿನ ಊತ ಜಾಸ್ತಿಯಾಗುವುದು ಸಹಜ, ಗಾಬರಿ ಬೇಡ. ಆದರೆ ಫೇಸ್‌ಲಿಫ್ಟ್ (ಮುಖದ ಜೋತುಬಿದ್ದ ಚರ್ಮ ಬಿಗಿ ಮಾಡುವ ಆಪರೇಷನ್) ಆದವರಿಗೆ ಒಂದೇ ಕಡೆ ಕೆನ್ನೆ ಬಿಗಿದು, ಊದಿ, ನೋವು ಏರುತ್ತಾ ಹೋದರೆ, ರೆಪ್ಪೆಯ ಆಪರೇಷನ್ ಆದವರಿಗೆ ಕಣ್ಣು ಸಿಡಿದುಹೋಗುವಂಥ ನೋವು ಬಂದು ದೃಷ್ಟಿ ಮಂಜಾದರೆ, ಇನ್ನೊಂದು ಮಾತ್ರೆ ನುಂಗಿ ಮಲಗಲೇಬಾರದು. ಒಳಗೆ ರಕ್ತ ಕಟ್ಟಿಕೊಂಡಿರಬಹುದು. ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬೈತಾರೆ ಅಂತ ಬೆಳಗಾಗುವ ತನಕ ಕಾದರೆ ಕಣ್ಣೇ ಹೋಗಬಹುದು. ನನಗೆ ಭಯವಾಗುವುದು ಇದಕ್ಕೇ. ಮನೆಯವರ ಚುಚ್ಚುಮಾತು ಬರೀ ಮನಸ್ಸು ನೋಯಿಸಿ ಬಿಡುವುದಿಲ್ಲ, ಹೇಳಲೇಬೇಕಾದ ನೋವನ್ನೂ ಬಾಯಿ ಮುಚ್ಚಿಸುತ್ತದೆ.

ಅಮ್ಮಂದಿರೇ, ಅಕ್ಕಂದಿರೇ, ಗಂಡಂದಿರೇ, ಈ ಆಪರೇಷನ್ ಬೇಕಿತ್ತಾ ಅನ್ನುವ ಜಗಳವನ್ನು ಹೊಲಿಗೆ ಬಿಚ್ಚಿದ ಮೇಲೆ ಬೇಕಾದಷ್ಟು ಆಡಿ. ಸದ್ಯಕ್ಕೆ ಮಾತ್ರೆಯ ಹೊತ್ತು ನೆನಪಿಟ್ಟುಕೊಳ್ಳಿ, ರಾತ್ರಿ ಒಂದು ಸಲ ಎದ್ದು "ನೋವು ಹೇಗಿದೆ?" ಅಂತ ಕೇಳಿ.