ಮನೆಗೆ ಹೀಟ್ ರಿಕವರಿ ಹಾಕಿಸೋ ಮೊದಲು ಈ ಲೆಕ್ಕ ನೋಡಿ

ಇಂಗ್ಲೆಂಡ್‌ನಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಚಳಿಗಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಎಂವಿಎಚ್‌ಆರ್ ಹಾಕಿಸಿದರೆ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ?" ಎಂವಿಎಚ್‌ಆರ್ (ಮೆಕ್ಯಾನಿಕಲ್ ವೆಂಟಿಲೇಶನ್ ವಿತ್ ಹೀಟ್ ರಿಕವರಿ) ಅಂದರೆ ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಒಳಗೆ ಬರುವ ಹೊಸ ಗಾಳಿಗೆ ಕೊಡುವ ಯಂತ್ರ. ನೇರವಾಗಿ ಹೇಳಿಬಿಡುತ್ತೇನೆ. ಗ್ಯಾಸ್ ಬಿಲ್‌ನಲ್ಲಿ ಅದು ವಾಪಸ್ ಬರುವುದಿಲ್ಲ. ಆದರೂ ಕೆಲವು ಮನೆಗಳಿಗೆ ಅದು ಬೇಕೇ ಬೇಕು. ಇನ್ನು ಕೆಲವು ಮನೆಗಳಿಗೆ ಅದಕ್ಕೆ ದುಡ್ಡು ಹಾಕುವುದು ಶುದ್ಧ ದಂಡ. ನಿಮ್ಮ ಮನೆ ಇದರಲ್ಲಿ ಯಾವುದು ಅಂತ ತಿಳಿಯದೆ ಅಡ್ವಾನ್ಸ್ ಕೊಡಬೇಡಿ ಅಂತ ಹೇಳೋದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಟ್ಟದಲ್ಲೋ ದೊಡ್ಡ ಕಪಾಟಿನಲ್ಲೋ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಅದರೊಳಗೆ ಎರಡು ಫ್ಯಾನ್. ಒಂದು ಫ್ಯಾನ್ ಅಡುಗೆಮನೆ, ಬಚ್ಚಲು, ಟಾಯ್ಲೆಟ್‌ನ ತೇವದ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಇನ್ನೊಂದು ಹೊರಗಿನ ಹೊಸ ಗಾಳಿಯನ್ನು ಮಲಗುವ ಕೋಣೆಗಳಿಗೆ, ಹಾಲ್‌ಗೆ ತಳ್ಳುತ್ತದೆ. ಪೆಟ್ಟಿಗೆಯೊಳಗೆ ತೆಳ್ಳನೆಯ ಹಾಳೆಗಳಿರುತ್ತವೆ. ಒಂದು ಗಾಳಿ ಅದರ ಈ ಕಡೆ, ಇನ್ನೊಂದು ಆ ಕಡೆ ಹರಿಯುತ್ತದೆ. ಗಾಳಿ ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಇದ್ದಾಗ ಒಳ್ಳೆಯ ಪೆಟ್ಟಿಗೆ ಆದರೆ ಕೋಣೆಗೆ ಬರುವ ಗಾಳಿ ಸುಮಾರು 18 ಡಿಗ್ರಿ ಇರುತ್ತದೆ. ಕಿಟಕಿ ತೆರೆಯದೇ, ನಡುಗದೇ, ಹೊಸ ಗಾಳಿ.

ಈಗ ಬಿಲ್‌ನ ಲೆಕ್ಕ. ಇಂಗ್ಲೆಂಡ್‌ನ ಕಟ್ಟಡ ನಿಯಮದ ಪ್ರಕಾರ ಮೂರು ಬೆಡ್‌ರೂಮಿನ ಮನೆಗೆ ಸೆಕೆಂಡಿಗೆ ಕನಿಷ್ಠ 31 ಲೀಟರ್ ಹೊಸ ಗಾಳಿ ಬೇಕು. ಮನೆ ದೊಡ್ಡದಿದ್ದರೆ ಇನ್ನೂ ಜಾಸ್ತಿ. ಹೊರಗೆ 5 ಡಿಗ್ರಿ ಇರುವ ದಿನ ಅಷ್ಟು ಗಾಳಿಯನ್ನು ಸುಮ್ನೆ ಹೊರಗೆ ಬಿಟ್ಟರೆ ಅದರ ಜೊತೆ ಸುಮಾರು 560 ವಾಟ್ ಬಿಸಿ ಹೋಗುತ್ತದೆ. ಅದರಲ್ಲಿ ನೂರಕ್ಕೆ 85 ಭಾಗ ಉಳಿಸಿದಿರಿ ಅಂತ ಇಟ್ಟುಕೊಳ್ಳಿ. ಇಡೀ ಚಳಿಗಾಲಕ್ಕೆ ಅಂದಾಜು 1,800 ಯೂನಿಟ್ (ಕಿಲೋವಾಟ್ ಅವರ್) ಆಗುತ್ತದೆ. ಗ್ಯಾಸ್ ಯೂನಿಟ್‌ಗೆ 6 ಪೆನ್ಸ್ ಹಿಡಿದು, ಬಾಯ್ಲರ್‌ನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ವರ್ಷಕ್ಕೆ 120 ಪೌಂಡ್ ಉಳಿತಾಯ. ಸರಿ. ಆದರೆ ಆ ಎರಡು ಫ್ಯಾನ್‌ಗಳು ಹಗಲು ರಾತ್ರಿ, ವರ್ಷವಿಡೀ ತಿರುಗಬೇಕು. 40 ವಾಟ್ ಅಂತ ಹಿಡಿದರೂ ವರ್ಷಕ್ಕೆ 350 ಯೂನಿಟ್ ಕರೆಂಟ್. ಯೂನಿಟ್‌ಗೆ 25 ಪೆನ್ಸ್ ಆದರೆ 88 ಪೌಂಡ್. ಅದರ ಮೇಲೆ ಫಿಲ್ಟರ್ ಖರ್ಚು ಬೇರೆ. ಕೊನೆಗೆ ಕೈಗೆ ಉಳಿಯುವುದು ಹೆಚ್ಚುಕಮ್ಮಿ ಸೊನ್ನೆ.

ಹಾಗಾಗಿ ಯಾರಾದರೂ ಬಂದು "ಎಂಟು ವರ್ಷದಲ್ಲಿ ದುಡ್ಡು ವಾಪಸ್" ಅಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ. ಬಿಸಿ ಉಳಿತಾಯ ನಿಜ, ಸುಳ್ಳಲ್ಲ. ಆದರೆ ಅದು ಹಾಕಿಸಲು ತಗಲುವ ಆರೇಳು ಸಾವಿರ ಪೌಂಡ್ ತೀರಿಸುವಷ್ಟು ದೊಡ್ಡದಲ್ಲ. ನೀವು ದುಡ್ಡು ಕೊಡುತ್ತಿರುವುದು ಗಾಳಿಗೆ. ಮಕ್ಕಳು ಮಲಗುವ ಕೋಣೆಯ ಗಾಳಿಗೆ, ಗೋಡೆ ಕಪ್ಪಾಗದಿರುವುದಕ್ಕೆ. ಅದಕ್ಕೆ ಅಷ್ಟು ಬೆಲೆ ಇದೆಯಾ ಅಂತ ಯೋಚಿಸಿ. ನನ್ನನ್ನು ಕೇಳಿದರೆ ಇದೆ.

ಯಾಕೆ ಅಂದರೆ ನಮ್ಮ ಮನೆಗಳು ಹೇಗಿರುತ್ತವೆ ನೋಡಿ. ಬೆಳಗ್ಗೆ ಕುಕ್ಕರ್ ಕೂಗುತ್ತದೆ. ಸಾರು ಕುದಿಯುತ್ತದೆ. ಎಲ್ಲರಿಗೂ ಬಿಸಿನೀರಿನ ಸ್ನಾನ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಟ್ಟೆ ಹೊರಗೆ ಒಣಗುವುದಿಲ್ಲ, ಹಾಗಾಗಿ ರೇಡಿಯೇಟರ್ ಮೇಲೆ ಹರಡುತ್ತೇವೆ. ಮೆಷಿನ್‌ನಿಂದ ತೆಗೆದ ಒಂದು ಲೋಡ್ ಬಟ್ಟೆಯಲ್ಲೇ ಸುಮಾರು ಎರಡು ಲೀಟರ್ ನೀರಿರುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹತ್ತು ಲೀಟರ್‌ನಷ್ಟು ನೀರು ಆವಿಯಾಗಿ ಗಾಳಿಗೆ ಸೇರುವುದು ಮಾಮೂಲು. ಅದರ ಮೇಲೆ ಊರಿಂದ ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿರುತ್ತಾರೆ. ಅವರಿಗೆ ಚಳಿ ತಡೆಯುವುದಿಲ್ಲ. ಕಿಟಕಿ ಮೇಲಿನ ಸಣ್ಣ ಗಾಳಿಕಿಂಡಿಯನ್ನೂ ಮುಚ್ಚಿ, ಬಾಗಿಲ ಕೆಳಗೆ ಟವೆಲ್ ಸಿಕ್ಕಿಸುತ್ತಾರೆ. ಅವರ ತಪ್ಪೇನೂ ಇಲ್ಲ. ಆದರೆ ಆ ಹತ್ತು ಲೀಟರ್ ಎಲ್ಲಿಗೆ ಹೋಗಬೇಕು? ಉತ್ತರದ ಗೋಡೆಗೆ ಒತ್ತಿಟ್ಟ ವಾರ್ಡ್‌ರೋಬ್ ಎಳೆದು ನೋಡಿ, ಗೊತ್ತಾಗುತ್ತದೆ. ಮೂಲೆಯಿಂದ ಶುರುವಾದ ಕಪ್ಪು ಚುಕ್ಕೆಗಳು, ಸೂಟ್‌ಕೇಸ್‌ನೊಳಗಿನ ರೇಷ್ಮೆ ಸೀರೆಗೂ ಅಂಟಿದ ಮುಗ್ಗಲು ವಾಸನೆ.

ಇಲ್ಲಿ ಒಂದು ವಿಷಯ ಹೇಳದೇ ಇರೋಕೆ ಆಗುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನ ಗಾಳಿಯನ್ನು ದೀರ್ಘಕಾಲ ಉಸಿರಾಡಿದ್ದೇ ಕಾರಣ ಅಂತ 2022ರ ನವೆಂಬರ್‌ನಲ್ಲಿ ವಿಚಾರಣೆ ನಡೆಸಿದ ಕರೋನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ಹೇಳಿದರು. ಸುಡಾನ್‌ನಿಂದ ಬಂದ ಕುಟುಂಬ ಅದು. ತಂದೆ 2017ರಿಂದಲೇ ದೂರು ಕೊಟ್ಟಿದ್ದರು. ನಿಮ್ಮ ಅಡುಗೆ, ನಿಮ್ಮ ಸ್ನಾನದ ರೀತಿಯಿಂದಲೇ ಹೀಗೆ ಅನ್ನುವ ಧೋರಣೆ ಮನೆ ಬಾಡಿಗೆಗೆ ಕೊಟ್ಟವರಿಂದ ಅವರಿಗೆ ಎದುರಾಗಿತ್ತು. ಈ ಮಾತು ನಮ್ಮಲ್ಲಿ ಬಾಡಿಗೆಗಿರುವ ಎಷ್ಟು ಜನ ಕೇಳಿಲ್ಲ ಹೇಳಿ? ಅಡುಗೆ ಮಾಡುವುದು, ಸ್ನಾನ ಮಾಡುವುದು, ಬಟ್ಟೆ ಒಗೆಯುವುದು ತಪ್ಪಲ್ಲ. ಮನೆ ಅಂದರೆ ಅದನ್ನೆಲ್ಲ ತಡೆದುಕೊಳ್ಳಬೇಕು. ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕಡಿಮೆ ಬಾಡಿಗೆಗೆ ಮನೆ ಕೊಡುವ ಸೋಶಿಯಲ್ ಹೌಸಿಂಗ್‌ನವರು ಬೂಷ್ಟು, ತೇವದ ದೂರನ್ನು ನಿಗದಿಯಾದ ಗಡುವಿನೊಳಗೆ ನೋಡಲೇಬೇಕು. ಸ್ವಂತ ಮನೆಯಲ್ಲಿರುವ ನಮಗೆ ಅಂಥ ಗಡುವು ಹಾಕುವವರು ಯಾರೂ ಇಲ್ಲ, ನಾವೇ ಹಾಕಿಕೊಳ್ಳಬೇಕು.

ಇನ್ನು ಹಾಕಿಸುವ ಖರ್ಚು. ಮೂರು ಬೆಡ್‌ರೂಮಿನ ಹಳೇ ಮನೆಗೆ ನಾನು ನೋಡಿರುವ ಕೊಟೇಶನ್‌ಗಳು ಆರು ಸಾವಿರದಿಂದ ಹನ್ನೆರಡು ಸಾವಿರ ಪೌಂಡ್‌ವರೆಗೆ ಇವೆ. ಹೊಸದಾಗಿ ಕಟ್ಟುವ ಮನೆಯಾದರೆ ನಾಲ್ಕರಿಂದ ಎಂಟು ಸಾವಿರದೊಳಗೆ ಮುಗಿಯಬಹುದು. ಅಂತರ ಇಷ್ಟು ಯಾಕೆ? ಪೆಟ್ಟಿಗೆಯ ಬೆಲೆ ಎರಡೂ ಕಡೆ ಒಂದೇ, ಬ್ರ್ಯಾಂಡ್ ನೋಡಿಕೊಂಡು ಒಂದೂವರೆ ಸಾವಿರದಿಂದ ಮೂರೂವರೆ ಸಾವಿರ. ಉಳಿದ ದುಡ್ಡೆಲ್ಲ ಪೈಪ್‌ಗೆ ಮತ್ತು ಆಳಿನ ಕೂಲಿಗೆ ಹೋಗುತ್ತದೆ. ಹಳೇ ಮನೆಯಲ್ಲಿ ಕೆಳಗಿನ ಹಾಲ್‌ಗೆ ಗಾಳಿ ತರಬೇಕಾದರೆ ಮೇಲಿನ ಕೋಣೆಯ ಮೂಲೆಯಲ್ಲಿ ಪೈಪ್ ಇಳಿಸಿ, ಅದಕ್ಕೆ ಬೋರ್ಡ್ ಹೊಡೆದು ಮುಚ್ಚಬೇಕು. ಸೀಲಿಂಗ್ ಕೊರೆಯಬೇಕು. ಆಮೇಲೆ ಪ್ಲಾಸ್ಟರ್, ಪೇಂಟ್. ಎಷ್ಟೋ ಕೊಟೇಶನ್‌ಗಳಲ್ಲಿ ಈ ಪ್ಲಾಸ್ಟರ್, ಪೇಂಟ್ ಇರುವುದೇ ಇಲ್ಲ. ಕೆಲಸ ಮುಗಿದ ಮೇಲೆ ಇನ್ನೊಬ್ಬರನ್ನು ಕರೆಸಿ ಇನ್ನೊಂದು ಸಾವಿರ ಕೊಡಬೇಕಾಗುತ್ತದೆ.

ನಮಗೆ ಬಂದ ಒಂದು ಕೊಟೇಶನ್‌ನಲ್ಲಿ ಇದ್ದದ್ದು ಒಂದೇ ಸಾಲು. "ಸಪ್ಲೈ ಆ್ಯಂಡ್ ಫಿಟ್", ಕೆಳಗೆ ಮೊತ್ತ. ಪೈಪ್ ಎಲ್ಲಿ ಹೋಗುತ್ತದೆ ಅಂತ ನಕ್ಷೆ ಇಲ್ಲ. ಯಾವ ಕೋಣೆಗೆ ಎಷ್ಟು ಲೀಟರ್ ಗಾಳಿ ಅಂತ ಇಲ್ಲ. ಸದ್ದು ತಡೆಯುವ ಸೈಲೆನ್ಸರ್ ಬಗ್ಗೆ ಕೇಳಿದರೆ "ಬೇಕಾದರೆ ಎಕ್ಸ್‌ಟ್ರಾ" ಅಂದರು. ಸೈಲೆನ್ಸರ್ ಇಲ್ಲದಿದ್ದರೆ ಒಂದು ಕೋಣೆಯ ಮಾತು ಪೈಪ್ ಹಿಡಿದು ಇನ್ನೊಂದು ಕೋಣೆಗೆ ಕೇಳಿಸುತ್ತದೆ, ರಾತ್ರಿ ಫ್ಯಾನ್‌ನ ಗುಂಯ್ ಸದ್ದು ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟವರು ಸ್ವಿಚ್ ಆಫ್ ಮಾಡುತ್ತಾರೆ. ಅಲ್ಲಿಗೆ ಅಷ್ಟೂ ದುಡ್ಡು ನೀರಿಗೆ ಹಾಕಿದಂತೆ. ಆ ಕೊಟೇಶನ್ ನಾವು ಒಪ್ಪಲಿಲ್ಲ.

ಸ್ನೇಹಿತರೊಬ್ಬರ ಮನೆಯಲ್ಲಿ ಯಂತ್ರ ಹಾಕಿಸಿದ ಕೊನೆಯ ದಿನ, ಯಾವ ಕೋಣೆಗೆ ಎಷ್ಟು ಗಾಳಿ ಬರುತ್ತಿದೆ ಅನ್ನುವ ಅಳತೆ ನಡೆಯುವಾಗ ನಾನೂ ಇದ್ದೆ. ಕಮಿಷನಿಂಗ್ ಅಂತಾರೆ ಅದಕ್ಕೆ. ಕೆಲಸಕ್ಕೆ ಬಂದಿದ್ದ ಹುಡುಗ ಒಂದು ಬುಟ್ಟಿಯಂಥ ಮೀಟರನ್ನು ಸೀಲಿಂಗ್‌ನಲ್ಲಿ ಗಾಳಿ ಬರುವ ಬಿಳಿ ವಾಲ್ವ್‌ಗೆ ಒತ್ತಿ ಹಿಡಿದು, ಓದಿ, ಹಾಳೆಯಲ್ಲಿ ಬರೆಯುತ್ತ ಹೋದ. ಮಗಳ ಕೋಣೆಗೆ ನಕ್ಷೆಯಲ್ಲಿ ಬರೆದಿದ್ದರ ಅರ್ಧವೂ ಬರುತ್ತಿರಲಿಲ್ಲ. ವಾಲ್ವ್ ತಿರುಗಿಸಿದ, ಊಹುಂ. ಕೊನೆಗೆ ಅಟ್ಟ ಹತ್ತಿ ನೋಡಿದರೆ ಪೈಪ್ ಒಂದು ತೊಲೆಯ ಹತ್ತಿರ ಮಡಚಿಕೊಂಡಿತ್ತು. ಅದನ್ನು ಬಿಚ್ಚಿ, ಹೊಸ ತುಂಡು ಹಾಕಿ, ಮತ್ತೆ ಅಳೆದ ಮೇಲೆ ಸರಿ ಬಂತು. ಅಳೆಯದೇ ಹೋಗಿದ್ದರೆ ಆ ಕೋಣೆಗೆ ಗಾಳಿ ಬರುತ್ತಿಲ್ಲ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಾಳಿ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಅದಕ್ಕೇ ನಾನು ಹೇಳೋದು, ಪೆಟ್ಟಿಗೆಯಲ್ಲಿ ಐನೂರು ಪೌಂಡ್ ಉಳಿಸಿ ಬೇಕಾದರೆ, ಆದರೆ ನಕ್ಷೆ ಮತ್ತು ಅಳತೆಗೆ ಜಿಪುಣತನ ಮಾಡಬೇಡಿ. ಅಳತೆಯ ಹಾಳೆ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.

ಶುದ್ಧ ದಂಡ ಅಂದೆನಲ್ಲ, ಅದು ಗಾಳಿ ಸೋರುವ ಮನೆಗಳ ವಿಷಯ. ಈ ಯಂತ್ರ ಬೆಳೆದದ್ದೇ ಸಂದುಗೊಂದು ಮುಚ್ಚಿದ ಮನೆಗಳಲ್ಲಿ. 1977ರಲ್ಲಿ ಕೆನಡಾದ ರೆಜೈನಾ ಊರಿನಲ್ಲಿ ಕಟ್ಟಿದ ಸಸ್ಕ್ಯಾಚೆವಾನ್ ಕನ್ಸರ್ವೇಶನ್ ಹೌಸ್ ಇದನ್ನು ಬಳಸಿದ ಮೊದಮೊದಲ ಮನೆಗಳಲ್ಲಿ ಒಂದು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲ ಪ್ಯಾಸಿವ್ ಹೌಸ್ (ಕಾಯಿಸಲು ತೀರಾ ಕಡಿಮೆ ಇಂಧನ ಸಾಕಾಗುವ ಮನೆ) ಕಟ್ಟಿದಾಗಲೂ ಮೊದಲು ಗಾಳಿ ಸೋರದಂತೆ ಮಾಡಿ, ಆಮೇಲೆ ಈ ಯಂತ್ರ ಇಟ್ಟರು. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು 1930ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ (ಒಂದು ಗೋಡೆ ಪಕ್ಕದ ಮನೆಗೆ ಅಂಟಿದ್ದು), ಇಲ್ಲವೇ ವಿಕ್ಟೋರಿಯನ್ ಟೆರೇಸ್ (ನೂರಕ್ಕೂ ಹೆಚ್ಚು ವರ್ಷ ಹಳೆಯ ಸಾಲುಮನೆ). ಅಲ್ಲಿ ಮರದ ನೆಲದ ಸಂದು, ಹಳೇ ಚಿಮಣಿ, ಅಟ್ಟದ ಬಾಗಿಲು ಎಲ್ಲ ಕಡೆಯಿಂದ ಗಾಳಿ ನುಗ್ಗುತ್ತದೆ. ಪೆಟ್ಟಿಗೆಯ ಮೂಲಕ ಹೋಗದ ಗಾಳಿಯಿಂದ ಅದು ಬಿಸಿ ಉಳಿಸಲಾರದು. ಮೊದಲು ಬಾಗಿಲಿಗೆ ಫ್ಯಾನ್ ಕಟ್ಟಿ ಮಾಡುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿ. ಕೆಲವು ನೂರು ಪೌಂಡ್ ಅಷ್ಟೇ. ಗೋಡೆ, ನೆಲ, ಛಾವಣಿಯ ಪ್ರತಿ ಚದರ ಮೀಟರಿಗೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸೋರುತ್ತದೆ ಅಂತ ಅದು ಹೇಳುತ್ತದೆ. ಫಲಿತಾಂಶ 3ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಂವಿಎಚ್‌ಆರ್ ಯೋಚಿಸಿ. 10ರ ಮೇಲೆ ಬಂದರೆ ಆ ದುಡ್ಡನ್ನು ಸಂದು ಮುಚ್ಚುವುದಕ್ಕೆ, ಇನ್ಸುಲೇಶನ್‌ಗೆ ಹಾಕಿ. ಆದರೆ ಸಂದು ಮುಚ್ಚಿ ಗಾಳಿಯ ವ್ಯವಸ್ಥೆ ಮಾಡದೇ ಬಿಟ್ಟರೆ ಬೂಷ್ಟು ಮೊದಲಿಗಿಂತ ಜೋರಾಗಿ ಬರುತ್ತದೆ, ಅದೂ ನೆನಪಿರಲಿ.

ಆ ಮನೆಗಳಿಗೆ ಅಗ್ಗದ ದಾರಿಯೂ ಇದೆ. ಬಚ್ಚಲು, ಅಡುಗೆಮನೆಗೆ ಸದಾ ನಿಧಾನಕ್ಕೆ ತಿರುಗುವ ಎಕ್ಸ್‌ಟ್ರಾಕ್ಟ್ ಫ್ಯಾನ್ ಹಾಕಿಸಿ. ಒಂದಕ್ಕೆ ಕೂಲಿ ಸೇರಿ ಕೆಲವು ನೂರು ಪೌಂಡ್ ಆಗುತ್ತದೆ. ಬಿಸಿ ಉಳಿಯುವುದಿಲ್ಲ, ಆದರೆ ತೇವ ಹೋಗುತ್ತದೆ. ಒಂದೇ ಕೋಣೆಗೆ ಗೋಡೆ ಕೊರೆದು ಕೂರಿಸುವ ಸಣ್ಣ ಹೀಟ್ ರಿಕವರಿ ಫ್ಯಾನ್ ಕೂಡ ಸಿಗುತ್ತದೆ. ಬಾಡಿಗೆ ಮನೆಯವರು ಓನರ್ ಹತ್ತಿರ ಕೇಳಬಹುದಾದದ್ದು ಈ ಎರಡೇ.

ನಮ್ಮ ಅಡುಗೆಮನೆಯ ಬಗ್ಗೆ ಪ್ರತ್ಯೇಕ ಹೇಳಬೇಕು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟನ್ನು ಈ ಯಂತ್ರ ಎಳೆದುಕೊಳ್ಳುತ್ತದೆ ಅಂತ ನಂಬಬೇಡಿ. ಅಡುಗೆಮನೆಯಿಂದ ಅದು ಎಳೆಯುವುದು ಸೆಕೆಂಡಿಗೆ ಹದಿಮೂರು ಲೀಟರ್‌ನಷ್ಟು. ಘಾಟು ಹೋಗುತ್ತದೆ, ನಿಧಾನವಾಗಿ. ಒಲೆಯ ಮೇಲಿನ ಹುಡ್ ಅನ್ನು ಇದರ ಪೈಪ್‌ಗೆ ಜೋಡಿಸಲೇಬಾರದು. ಎಣ್ಣೆ ಜಿಡ್ಡು ಪೈಪ್ ತುಂಬ ಹತ್ತಿ, ಪೆಟ್ಟಿಗೆಯೊಳಗಿನ ಹಾಳೆಗಳನ್ನೂ ಕೆಡಿಸುತ್ತದೆ, ಬೆಂಕಿಯ ಭಯವೂ ಇದೆ. ಒಲೆಯ ಮೇಲೆ ಜಿಡ್ಡು ಹಿಡಿಯುವ ಬೇರೆ ಹುಡ್ ಇರಲಿ. ಎಂವಿಎಚ್‌ಆರ್ ವಾಲ್ವ್ ಒಲೆಯಿಂದ ದೂರ ಇರಲಿ, ಅದಕ್ಕೂ ಒಂದು ಫಿಲ್ಟರ್ ಇರಲಿ. ನಮ್ಮ ಮನೆಗಳಲ್ಲಿ ಫಿಲ್ಟರ್ ಬೇಗ ಕಪ್ಪಾಗುತ್ತದೆ, ದೇವರ ಮನೆಯ ಊದುಬತ್ತಿಯೂ ಸೇರಿ. ಪುಸ್ತಕದಲ್ಲಿ ವರ್ಷಕ್ಕೊಮ್ಮೆ ಅಂತ ಬರೆದಿದ್ದರೂ ಆರು ತಿಂಗಳಿಗೆ ತೆಗೆದು ನೋಡಿ.

ಬೆಂಗಳೂರಿನಲ್ಲಿ ಮನೆ ಕಟ್ಟುತ್ತಿರುವ ಕೆಲವರೂ ಇದರ ಬಗ್ಗೆ ಕೇಳಿದ್ದಾರೆ. ಅಲ್ಲಿ ಉಳಿಸುವುದಕ್ಕೆ ಅಂಥ ಬಿಸಿಯೇ ಇಲ್ಲ. ಎದುರುಬದುರು ಕಿಟಕಿ ಇಡಿಸಿ, ಸಾಕು.

ಕೊನೆಗೆ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಈ ದೇಶದಲ್ಲಿ ಇನ್ಸುಲೇಶನ್, ಸೋಲಾರ್, ಹೀಟ್ ಪಂಪ್ ಹಾಕಿಸಿದರೆ ವ್ಯಾಟ್ ತೆರಿಗೆ ಸೊನ್ನೆ. ಹೀಟ್ ಪಂಪ್‌ಗೆ ಸರ್ಕಾರವೇ 7,500 ಪೌಂಡ್ ಸಹಾಯಧನ ಕೊಡುತ್ತದೆ. ಹೊಸ ಮನೆ ಕಟ್ಟುವಾಗ ಹಾಕುವ ಎಂವಿಎಚ್‌ಆರ್‌ಗೂ ವ್ಯಾಟ್ ಇಲ್ಲ. ಆದರೆ ಇರುವ ಮನೆಗೆ ಹಾಕಿಸಿದರೆ ನೂರಕ್ಕೆ 20! ಎಂಟು ಸಾವಿರದ ಕೆಲಸಕ್ಕೆ 1,600 ಪೌಂಡ್ ತೆರಿಗೆ. ಮನೆ ಬಿಗಿಯಾಗಿ ಮುಚ್ಚಿ ಅನ್ನುವುದಕ್ಕೆ ರಿಯಾಯಿತಿ, ಹಾಗೆ ಮುಚ್ಚಿದ ಮನೆಯಲ್ಲಿ ಉಸಿರಾಡುವುದಕ್ಕೆ ತೆರಿಗೆ. ಐರ್ಲೆಂಡ್‌ನಲ್ಲಿ ಇಡೀ ಮನೆ ಸುಧಾರಿಸುವ ಯೋಜನೆಯೊಳಗೆ ವೆಂಟಿಲೇಶನ್‌ಗೂ ಸಹಾಯಧನ ಇಟ್ಟಿದ್ದಾರೆ. ಇಲ್ಲಿ ಯಾಕೆ ಆಗಬಾರದು? ಈಗಿನ ಸೊನ್ನೆ ವ್ಯಾಟ್ ಪಟ್ಟಿಯ ಅವಧಿ ಇರುವುದು 2027ರ ಮಾರ್ಚ್ 31ರವರೆಗೆ. ಅದರ ಮುಂದೇನು ಅಂತ ಮಾತಾಡುವಾಗ ಈ ಯಂತ್ರವನ್ನೂ ಪಟ್ಟಿಗೆ ಸೇರಿಸಿ ಅಂತ ನಮ್ಮ ಎಂಪಿಗೆ ಬರೆದಿದ್ದೇನೆ. ನೀವೂ ನಿಮ್ಮ ಎಂಪಿಗೆ ಬರೆಯಿರಿ. ಕಾಗದದ ಪ್ರತಿ ಬೇಕಿದ್ದವರು ಮೆಸೇಜ್ ಮಾಡಿ, ಕಳಿಸುತ್ತೇನೆ.